ಜೂನ್ 19ರಂದು ಅಂಗಡಿಗೆ ರಜೆ: ಸದಸ್ಯರಿಗೂ ಗ್ರಾಹಕರಿಗೂ ಪತ್ರ

ಮಾನ್ಯ ಸದಸ್ಯರಿಗೂ ಗ್ರಾಹಕರಿಗೂ ನಮಸ್ಕಾರಗಳು.

ಅಮೆರಿಕದ ಟೆಕ್ಸಸ್ ರಾಜ್ಯದ ಹ್ಯೂಸ್ಟನ್ನಿನ ನಮ್ಮ ಸಹಕಾರಿ ದಿನಸಿ ಅಂಗಡಿಯು 2026ರ ಜೂನ್ 19, ಶುಕ್ರವಾರದಂದು ಇಡೀ ದಿನ ಮುಚ್ಚಿರುತ್ತದೆ. ಜೂನ್‌ಟೀಂತ್ (ಗುಲಾಮರ ಬಿಡುಗಡೆಯನ್ನು ನೆನೆಯುವ ಜೂನ್ 19ರ ಹಬ್ಬ) ದಿನದಂದು ಇದುವರೆಗೆ ನಡೆಸುತ್ತಿದ್ದ ಶೇ. 10ರ ರಿಯಾಯಿತಿ ಮಾರಾಟ ಇನ್ನು ಮುಂದೆ ಇರುವುದಿಲ್ಲ. ಅದರ ಬದಲು, ಗಂಟೆ ಲೆಕ್ಕದಲ್ಲಿ ದುಡಿಯುವವರೂ ಸೇರಿದಂತೆ ಎಲ್ಲ ಕೆಲಸಗಾರರಿಗೂ ಆ ದಿನ ಸಂಬಳಸಹಿತ ರಜೆ ಕೊಡಲು ಆಡಳಿತ ಮಂಡಳಿ ತೀರ್ಮಾನಿಸಿದೆ. ವಾರದ ಸಾಮಾನಿಗೆ ಶುಕ್ರವಾರ ಸಂಜೆಯೇ ಬರುವ ರೂಢಿ ನಿಮ್ಮಲ್ಲಿ ಹಲವರಿಗೆ ಇರುವುದರಿಂದ, ಬಾಗಿಲಿಗೆ ಒಂದು ಚೀಟಿ ಅಂಟಿಸಿ ಕೈತೊಳೆದುಕೊಳ್ಳದೆ ಕಾರಣವನ್ನೂ ತಿಳಿಸುವುದು ಉಚಿತವೆನಿಸಿತು.

ಅಧ್ಯಕ್ಷ ಅಬ್ರಹಾಂ ಲಿಂಕನ್ನರು ಗುಲಾಮರ ಬಿಡುಗಡೆಗಾಗಿ ಹೊರಡಿಸಿದ ವಿಮೋಚನಾ ಘೋಷಣೆ 1863ರ ಜನವರಿ 1ರಂದೇ ಜಾರಿಗೆ ಬಂದಿತ್ತು. ಟೆಕ್ಸಸ್‌ನಲ್ಲಿ ಆಗ ದಂಗೆಯೆದ್ದ ದಕ್ಷಿಣದವರ ಆಳ್ವಿಕೆಯಿದ್ದುದರಿಂದ ಅದನ್ನು ನಡೆಸಿಕೊಡುವ ಸೈನ್ಯವಿರಲಿಲ್ಲ. ಎರಡೂವರೆ ವರ್ಷ ಕಳೆದು, 1865ರ ಜೂನ್ 19ರಂದು ಮೇಜರ್ ಜನರಲ್ ಗಾರ್ಡನ್ ಗ್ರೇಂಜರ್ ನಮ್ಮಿಂದ ಸುಮಾರು 50 ಮೈಲಿ ದೂರದ ಗ್ಯಾಲ್ವೆಸ್ಟನ್‌ನಲ್ಲಿ ಮೂರನೆಯ ಸಾಮಾನ್ಯ ಆಜ್ಞೆಯನ್ನು ಹೊರಡಿಸಿದಾಗಲೇ ಈ ರಾಜ್ಯದ ಸುಮಾರು 2,50,000 ಗುಲಾಮರ ಬಿಡುಗಡೆಗೆ ಸರ್ಕಾರದ ಬಲ ಬಂದದ್ದು. ಸುದ್ದಿ ತಡವಾಗಿ ತಲುಪಿತೆಂದು ಹೇಳುವುದುಂಟು. ಒಡೆಯರಿಗೆ ಸುದ್ದಿ ಗೊತ್ತಿದ್ದರೂ ಪುಕ್ಕಟೆ ದುಡಿಮೆಯನ್ನು ಬಿಟ್ಟುಕೊಡುವ ಮನಸ್ಸಿರಲಿಲ್ಲ ಎನ್ನುವುದು ಹೆಚ್ಚು ಸರಿಯಾದ ಮಾತು. ಒಡೆಯರಿಗೂ ಗುಲಾಮರಾಗಿದ್ದವರಿಗೂ ವೈಯಕ್ತಿಕ ಹಕ್ಕಿನಲ್ಲೂ ಆಸ್ತಿಯ ಹಕ್ಕಿನಲ್ಲೂ ಸಂಪೂರ್ಣ ಸಮಾನತೆ ಇದೆಯೆಂದೂ, ಇನ್ನು ಮೇಲೆ ಅವರ ನಡುವಿನದು ಕೆಲಸ ಕೊಡುವವನಿಗೂ ಕೂಲಿಗೆ ದುಡಿಯುವವನಿಗೂ ಇರುವ ಸಂಬಂಧವೆಂದೂ ಆಜ್ಞೆ ಸಾರಿತು. ಅದರ ಬೆನ್ನಿಗೇ, ಬಿಡುಗಡೆಗೊಂಡವರು ಇದ್ದಲ್ಲೇ ಸದ್ದಿಲ್ಲದೆ ಇದ್ದು ಕೂಲಿಗೆ ದುಡಿಯಲಿ, ಸುಮ್ಮನೆ ಕೂತವರಿಗೆ ಎಲ್ಲೂ ಆಸರೆ ಸಿಗದು ಎಂಬ ಎಚ್ಚರಿಕೆಯನ್ನೂ ಕೊಟ್ಟಿತು. ಹೀಗೆ ಕೂಲಿಯ ಮಾತು ಈ ಹಬ್ಬದ ಹುಟ್ಟಿನಲ್ಲೇ ಇದೆ.

ಕಳೆದ ವರ್ಷ ನಾವು ಮಾಡಿದ್ದನ್ನು ಈ ಬೆಳಕಿನಲ್ಲಿ ನೋಡಿದರೆ ನಾಚಿಕೆಯಾಗುತ್ತದೆ. ಗಲ್ಲಾಪೆಟ್ಟಿಗೆಯ ಮೇಲೆ ಕೆಂಪು ಬ್ಯಾನರ್ ಕಟ್ಟಿ, ರಜೆ ಸಿಕ್ಕ ಗ್ರಾಹಕರೆಲ್ಲ ಬರಲೆಂದು ಅಂಗಡಿಯನ್ನು ರಾತ್ರಿ ಹತ್ತರವರೆಗೆ ತೆರೆದಿಟ್ಟಿದ್ದೆವು. ಬೆಳಗಿನಿಂದ 20 ಪೌಂಡಿನ ಸೋನಾ ಮಸೂರಿ ಚೀಲಗಳನ್ನು ಹೊತ್ತು ಜೋಡಿಸುತ್ತಿದ್ದ, ಗ್ಯಾಲ್ವೆಸ್ಟನ್ ಮೂಲದ ಕಪ್ಪು ಮನೆತನದ ಸಹೋದ್ಯೋಗಿಯೊಬ್ಬರು ಸಂಜೆ ಕೈಗವಸು ಬಿಚ್ಚುತ್ತ ಆ ಬ್ಯಾನರನ್ನು ಒಮ್ಮೆ ನೋಡಿ, "ಇವತ್ತು ರಜೆ ಯಾರಿಗೆ?" ಎಂದು ಕೇಳಿದರು. ಕೋಪದಿಂದ ಕೇಳಿದ್ದಲ್ಲ. ಉತ್ತರ ಮಾತ್ರ ನಮ್ಮಲ್ಲಿ ಇರಲಿಲ್ಲ.

1979ರ ಕಾನೂನಿನಿಂದ ಈ ದಿನ ಟೆಕ್ಸಸ್‌ನ ರಜೆಯಾಯಿತು. ಫೋರ್ಟ್ ವರ್ತ್‌ನ ಓಪಲ್ ಲೀ ಅವರು 2016ರಲ್ಲಿ, 89ರ ವಯಸ್ಸಿನಲ್ಲಿ, ಇದು ಇಡೀ ದೇಶಕ್ಕೇ ರಜೆಯಾಗಲೆಂದು ವಾಷಿಂಗ್ಟನ್ನಿನತ್ತ ಕಾಲ್ನಡಿಗೆ ಹೊರಟವರು. 2021ರ ಜೂನ್ 17ರಂದು ಇದು ಇಡೀ ದೇಶದ ರಜೆಯೂ ಆಯಿತು. ಆದರೂ ಖಾಸಗಿ ಅಂಗಡಿಯವರು ರಜೆ ಕೊಡಲೇಬೇಕೆಂಬ ಕಟ್ಟಳೆ ಈ ಕಾನೂನುಗಳಲ್ಲಿ ಇಲ್ಲ. ಆದ್ದರಿಂದ ಇದು ನಾವಾಗಿಯೇ ಮಾಡಿದ ತೀರ್ಮಾನ. ರಿಯಾಯಿತಿಗೆಂದು ತೆಗೆದಿಡುತ್ತಿದ್ದ ಹಣವನ್ನೇ ಆ ದಿನದ ಸಂಬಳಕ್ಕೆ ಬಳಸುತ್ತೇವೆ; ಇದಕ್ಕಾಗಿ ಯಾವ ಸಾಮಾನಿನ ಬೆಲೆಯೂ ಏರುವುದಿಲ್ಲ.

ಆ ದಿನವನ್ನು ಹೇಗೆ ಕಳೆಯಬೇಕೆಂದು ಹೇಳುವುದು ದಿನಸಿ ಅಂಗಡಿಯ ಕೆಲಸವಲ್ಲವಾದರೂ, ಮಕ್ಕಳನ್ನು ಎಲ್ಲಿಗೆ ಕರೆದೊಯ್ಯಬಹುದೆಂದು ಕೆಲವರು ಕೇಳಿದ್ದುಂಟು. ನಮ್ಮ ಊರಿನದೇ ಇಮ್ಯಾನ್ಸಿಪೇಷನ್ ಪಾರ್ಕ್ ಇದೆ. ಗುಲಾಮಗಿರಿಯಿಂದ ಹೊರಬಂದವರು 1872ರಲ್ಲಿ, ಪಾದ್ರಿ ಜ್ಯಾಕ್ ಯೇಟ್ಸ್ ಮೊದಲಾದವರ ಮುಂದಾಳತನದಲ್ಲಿ, ಜೂನ್‌ಟೀಂತ್ ಆಚರಣೆಗೆ ತಮ್ಮದೇ ಜಾಗ ಇರಲೆಂದು ಚಂದಾ ಎತ್ತಿ 1,000 ಡಾಲರಿಗೆ ಕೊಂಡ 10 ಎಕರೆ ನೆಲ ಅದು. ಗ್ಯಾಲ್ವೆಸ್ಟನ್‌ವರೆಗೆ ಹೋಗುವವರು, ಆಜ್ಞೆ ಹೊರಟ ಸ್ಥಳದ ಪಕ್ಕದ ಗೋಡೆಯ ಮೇಲೆ 2021ರಲ್ಲಿ ಬಿಡಿಸಿದ, ಸುಮಾರು 5,000 ಚದರಡಿಯ ಭಿತ್ತಿಚಿತ್ರವನ್ನು ನೋಡಬಹುದು. ಆಜ್ಞೆಯಲ್ಲಿರುವ 'ಸಂಪೂರ್ಣ ಸಮಾನತೆ' ಎಂಬ ಮಾತೇ ಅದರ ಹೆಸರು.

ಈ ಹಬ್ಬದ ಊಟದಲ್ಲಿ ಕೆಂಪು ಪಾನಕ ಇರಲೇಬೇಕು. ಈಗ ಬಾಟಲಿಯ ಕೆಂಪು ಸೋಡಾ ಸಾಮಾನ್ಯವಾಗಿದೆಯಾದರೂ, ಪಶ್ಚಿಮ ಆಫ್ರಿಕಾದಲ್ಲಿ ಅಂಥ ಪಾನಕಕ್ಕೆ ಬಳಸುವುದು ನಮ್ಮ ಉತ್ತರ ಕರ್ನಾಟಕದವರು ಪಲ್ಯ ಮಾಡುವ ಕೆಂಪು ಪುಂಡಿಯ ಜಾತಿಯ ಗಿಡವನ್ನೇ. ನಾವು ಹುಳಿಗಾಗಿ ಎಲೆ ಬಿಡಿಸುತ್ತೇವೆ. ಅವರು ಹೂ ಉದುರಿದ ಮೇಲೆ ಕಾಯನ್ನು ಸುತ್ತಿ ನಿಲ್ಲುವ ಕೆಂಪು ದಳಗಳನ್ನು ಒಣಗಿಸಿ ಕುದಿಸುತ್ತಾರೆ. ಜೊತೆಗೆ ಬಡಿಸುವ ಅಲಸಂದೆ, ಬೆಂಡೆಕಾಯಿಗಳೂ, ಅಷ್ಟೇ ಏಕೆ, ನಮ್ಮ ರಾಗಿ, ಜೋಳಗಳೂ ಆಫ್ರಿಕಾದಲ್ಲಿ ಹುಟ್ಟಿದ ಬೆಳೆಗಳು. ಒಣಗಿಸಿದ ದಳಗಳು ಗುರುವಾರದವರೆಗೆ ನಮ್ಮಲ್ಲೂ ಸಿಗುತ್ತವೆ, ಮಾಮೂಲಿ ಬೆಲೆಗೇ.

ಶುಕ್ರವಾರ ಬರಬೇಕಿದ್ದ ಕರಿಬೇವು ಮತ್ತು ತರಕಾರಿ ಶನಿವಾರ ಬೆಳಿಗ್ಗೆ ಬರುತ್ತವೆ. ಮನೆಗೆ ತಲುಪಿಸುವ ಶುಕ್ರವಾರದ ಸಾಮಾನನ್ನು ಗುರುವಾರ ಸಂಜೆಯೇ ತಲುಪಿಸುತ್ತೇವೆ. ಶನಿವಾರದ ಇಡ್ಲಿಗೆ ಹಿಟ್ಟು ಬೇಕಾದವರು ಬುಧವಾರದೊಳಗೆ ಹೇಳಿಟ್ಟು, ಗುರುವಾರ ರಾತ್ರಿ ಎಂಟರೊಳಗೆ ಒಯ್ಯಬೇಕೆಂದು ಕೋರುತ್ತೇವೆ. ಒಯ್ದ ಹಿಟ್ಟನ್ನು ದಯವಿಟ್ಟು ನೇರವಾಗಿ ಫ್ರಿಜ್ಜಿಗೆ ಸೇರಿಸಿ. ಜೂನ್ ತಿಂಗಳ ಸೆಖೆಯಲ್ಲಿ ಕಾರಿನೊಳಗೆ ಬಿಟ್ಟರೆ ಮುಚ್ಚಳ ಎತ್ತಿಕೊಂಡು ಉಕ್ಕಿಬಿಡುತ್ತದೆ.

ಇತಿ ತಮ್ಮ ವಿಶ್ವಾಸಿ,
ಕಾರ್ಯದರ್ಶಿ
(ಆಡಳಿತ ಮಂಡಳಿಯ ಪರವಾಗಿ)