ಬಾಗಿಲು ತೆರೆದು ಕರೆಯೋ ದಿನ ಕೊಡಗಿಗೂ ಬೇಕು

ಸಂಪಾದಕರಿಗೆ ನಮಸ್ಕಾರ,

ಮಗಳ ಬಾಣಂತನಕ್ಕೆ ಅಂತ ಹೋದ ವರ್ಷ ಇಂಗ್ಲೆಂಡಿಗೆ ಹೋಗಿ ಐದು ತಿಂಗಳು ಇದ್ದು ಬಂದೆ. ಅಲ್ಲಿ ನೋಡಿದ ಒಂದು ವಿಷಯ ನಮ್ಮ ಕೊಡಗಿಗೂ ಬೇಕೇ ಬೇಕು ಅಂತ ಬಂದಾಗಿಂದ ಅನ್ನಿಸ್ತಾ ಇದೆ, ಕಂಡೋರಿಗೆಲ್ಲ ಹೇಳಿ ಆಯ್ತು, ಇನ್ನು ಪೇಪರಿಗೇ ಬರೆಯೋಣ ಅಂತ ಕೂತಿದೀನಿ. ಸ್ವಲ್ಪ ಉದ್ದ ಆದ್ರೂ ದಯವಿಟ್ಟು ಹಾಕಿ.

ಅಲ್ಲಿ ಪ್ರತಿ ಸೆಪ್ಟೆಂಬರ್‌ನಲ್ಲಿ ಹೆರಿಟೇಜ್ ಓಪನ್ ಡೇಸ್ ಅಂತ ಮಾಡ್ತಾರೆ. ಬೇರೆ ದಿನ ಬೀಗ ಹಾಕಿರೋ, ಇಲ್ಲಾ ದುಡ್ಡು ಕೊಟ್ಟು ನೋಡ್ಬೇಕಾದ ಹಳೇ ಕಟ್ಟಡಗಳನ್ನ ಆ ದಿನಗಳಲ್ಲಿ ಫ್ರೀಯಾಗಿ ತೆರೆದು ಜನರನ್ನ ಕರೆದು ತೋರಿಸ್ತಾರೆ. ಈ ಪದ್ಧತಿ 1984ರಲ್ಲಿ ಫ್ರಾನ್ಸ್‌ನಲ್ಲಿ ಶುರುವಾಗಿದ್ದು, 1994ರಲ್ಲಿ ಇಂಗ್ಲೆಂಡಿಗೆ ಬಂತು. ಮಗಳ ಮನೆಯಿಂದ ನಾಲ್ಕು ಮೈಲಿ ದೂರದ ಒಂದು ಸಣ್ಣ ಹಳ್ಳಿಯ ಚರ್ಚಿಗೆ ಅಳಿಯ ಕರ್ಕೊಂಡು ಹೋದ್ರು. ದೊಡ್ಡ ಹೆಸರಿನ ಚರ್ಚ್ ಏನಲ್ಲ ಅದು, ಊರಿನವರು ಭಾನುವಾರ ಪ್ರಾರ್ಥನೆಗೆ ಹೋಗೋ ಚರ್ಚ್ ಅಷ್ಟೇ. ಆದ್ರೆ ಗೋಡೆಗಳು 13ನೇ ಶತಮಾನದ್ದು, ಅಂದ್ರೆ ನಮ್ಮ ಕಡೆ ಸೋಮನಾಥಪುರದ ದೇವಸ್ಥಾನ ಕಟ್ಟಿದ ಕಾಲದ್ದು.

ಬಾಗಿಲ ಹತ್ರನೇ ಒಬ್ಬರು ವಯಸ್ಸಾದ ಅಜ್ಜಿ ನಿಂತಿದ್ರು. ನಮಸ್ಕಾರ ಹೇಳಿ ಒಳಗೆ ಬಿಡೋದ್ರ ಬದಲು ಮೊದಲು ಹೊರಗೇ ನಿಲ್ಲಿಸಿ ಬಾಗಿಲ ಪಕ್ಕದ ಒಂದು ಕಲ್ಲು ತೋರಿಸಿದ್ರು. ಕಲ್ಲಿನ ಮೇಲೆ ನಮ್ಮ ಅಂಗೈ ಅಗಲದ ಗೀರುಗಳು, ನಡುವೆ ಒಂದು ತೂತು. ಗಡಿಯಾರ ಇಲ್ಲದ ಕಾಲದಲ್ಲಿ ಆ ತೂತಿಗೆ ಕಡ್ಡಿ ಚುಚ್ಚಿ, ನೆರಳು ಯಾವ ಗೀರಿನ ಮೇಲೆ ಬೀಳುತ್ತೆ ನೋಡಿ ಪೂಜೆ ಹೊತ್ತು ತಿಳ್ಕೊಳ್ತಿದ್ರಂತೆ. ಅವರು ಹೇಳದೇ ಇದ್ದಿದ್ರೆ ಯಾರೋ ಹುಡುಗ್ರು ಗೀಚಿದ್ದು ಅಂದ್ಕೊಂಡು ನಾನು ದಾಟಿ ಹೋಗ್ತಿದ್ದೆ.

ಒಳಗೆ ಹೋದ್ರೆ ಬಾಗಿಲ ಎದುರಿನ ಗೋಡೆ ಮೇಲೆ ಮಾಸಿದ ಚಿತ್ರ, ಸಂತ ಕ್ರಿಸ್ಟೋಫರ್ ಮಗು ಯೇಸುವನ್ನ ಹೆಗಲ ಮೇಲೆ ಕೂರಿಸ್ಕೊಂಡು ಹೊಳೆ ದಾಟೋದು, ಕಾಲ ಹತ್ರ ಸಣ್ಣ ಸಣ್ಣ ಮೀನುಗಳು. ಬೆಳಿಗ್ಗೆ ಈ ಚಿತ್ರ ನೋಡಿದ್ರೆ ಅವತ್ತು ಅಕಾಲ ಮರಣ ಬರಲ್ಲ ಅಂತ ಆಗಿನ ಜನ ನಂಬ್ತಿದ್ರು, ಅದಕ್ಕೇ ಬಾಗಿಲಿಗೆ ಎದುರಾಗಿ ಬರೆದಿರೋದು. ಆಮೇಲೆ 16ನೇ ಶತಮಾನದಲ್ಲಿ ಧರ್ಮ ಸುಧಾರಣೆ ಅಂತ ರಾಜನ ಆಜ್ಞೆ ಆಗಿ ಇಂಥ ಚಿತ್ರಗಳಿಗೆಲ್ಲ ಸುಣ್ಣ ಬಳಿದ್ರು, ಮುನ್ನೂರು ವರ್ಷದ ಮೇಲೆ ರಿಪೇರಿ ಮಾಡುವಾಗ ಸುಣ್ಣ ಉದುರಿ ಚಿತ್ರ ಮತ್ತೆ ಕಾಣಿಸ್ತು. ಇದನ್ನೆಲ್ಲ ಆ ಅಜ್ಜಿ ಏನೂ ಮುಚ್ಚುಮರೆ ಇಲ್ಲದೆ ಹೇಳಿದ್ರು, ನಮ್ಮೋರೇ ಅಳಿಸಿದ್ದು ಅಂತಲೇ ಹೇಳಿದ್ರು. ಅದು ನನಗೆ ಬಹಳ ಹಿಡಿಸ್ತು.

ಒಂದು ಟೇಬಲ್ ಮೇಲೆ ಹಳೇ ರಿಜಿಸ್ಟರ್‌ನ ಜೆರಾಕ್ಸ್ ಹಾಳೆಗಳನ್ನ ಇಟ್ಟಿದ್ರು. ಮಗುವಿಗೆ ದೀಕ್ಷಾಸ್ನಾನ ಮಾಡಿಸಿದ್ದು, ಮದುವೆ ಆಗಿದ್ದು, ಸತ್ತೋರನ್ನ ಹೂಳಿದ್ದು ಎಲ್ಲಾನೂ ಪ್ರತಿ ಚರ್ಚಿನಲ್ಲಿ ಬರೆದಿಡ್ಬೇಕು ಅಂತ ಎಂಟನೇ ಹೆನ್ರಿ ಕಾಲದಲ್ಲಿ, 1538ರಲ್ಲಿ ಆಜ್ಞೆ ಆಯ್ತಂತೆ. ದೂರದ ಊರಿಂದ ಬಂದ ಒಂದು ಕುಟುಂಬ ಬೆರಳಿಟ್ಟು ತಮ್ಮ ಮುತ್ತಾತನ ಹೆಸರು ಹುಡುಕ್ತಾ ಇತ್ತು, ಸಿಕ್ಕಿದಾಗ ಆ ಹೆಂಗಸಿನ ಕಣ್ಣಲ್ಲಿ ನೀರು. ನಮ್ಮ ಐನ್‌ಮನೆ ಅಂದ್ರೆ ಮನೆತನದ ಮೂಲ ಮನೆ, ಹಿರಿಯರ ಗುಡಿಯಾದ ಕೈಮಡ ನೆನಪಾಯ್ತು ನನಗೆ. ಒಕ್ಕದವರೆಲ್ಲ, ಅಂದ್ರೆ ಒಂದೇ ಮನೆತನದವರೆಲ್ಲ, ಒಟ್ಟಿಗೆ ಮೂಲ ಪುರುಷ ಕಾರಣನಿಗೆ ಎಡೆ ಇಡುವಾಗ ಆಗೋ ಹಾಗೇನೇ.

ಆಮೇಲೆ ಗಂಟೆ. ಗೋಪುರದ ಕೆಳಗಿನ ರೂಮಿನಲ್ಲಿ ಆರು ಹಗ್ಗ ಇಳಿಬಿಟ್ಟಿತ್ತು, ಕೈ ಹಿಡಿಯೋ ಜಾಗದಲ್ಲಿ ಕೆಂಪು ಬಿಳಿ ನೀಲಿ ಉಣ್ಣೆ ದಪ್ಪವಾಗಿ ಸುತ್ತಿದ್ರು, ಮುಟ್ಟಿದ್ರೆ ಕುರಿಮರಿ ಮುಟ್ಟಿದ ಹಾಗೆ ಮೆತ್ತಗೆ. ಆರು ಜನ ಸುತ್ತ ನಿಂತು ಎಳೀತಾರೆ, ಒಬ್ಬೊಬ್ಬರಿಗೆ ಒಂದೊಂದು ಗಂಟೆ. ಹಾಡು ನುಡಿಸಲ್ಲ, ಗಂಟೆಗಳ ಸರದಿಯನ್ನ ಪ್ರತಿ ಸಲ ಬದಲಾಯಿಸ್ತಾ ಹೋಗ್ತಾರೆ, ಒಂದು ಸಲ ಬಂದ ಸರದಿ ಮತ್ತೆ ಬರಬಾರದು. ಆರು ಗಂಟೆ ಇದ್ರೆ 720 ಸರದಿ, ಏಳು ಗಂಟೆ ಇದ್ರೆ 5040, ಅದನ್ನ ಪೂರ್ತಿ ಬಾರಿಸೋಕೆ ಸುಮಾರು ಮೂರು ಗಂಟೆ ಹೊತ್ತು ಬೇಕು, ಕಾಗದ ನೋಡೋ ಹಾಗಿಲ್ಲ, ಎಲ್ಲಾ ನೆನಪಲ್ಲೇ ಇರ್ಬೇಕು. ಮೂವತ್ತೊಂದು ವರ್ಷ ಹೈಸ್ಕೂಲಲ್ಲಿ ಪಾಠ ಮಾಡಿದೋಳು ನಾನು, ಕ್ರಮಯೋಜನೆ ಲೆಕ್ಕವನ್ನ ಮಕ್ಕಳಿಗೆ ಇಷ್ಟು ಚೆನ್ನಾಗಿ ಹೇಳ್ಕೊಡೋ ಜಾಗ ಎಲ್ಲೂ ನೋಡಿಲ್ಲ.

ಯಾರಿಗೂ ಸಂಬಳ ಇಲ್ಲ. ಅಜ್ಜಿ, ಗಂಟೆ ಎಳೆಯೋರು, ಹಿಂದೆ ಟೀ ಕೇಕ್ ಕೊಡ್ತಿದ್ದ ಹುಡುಗಿ ಎಲ್ಲರೂ ಊರಿನವರೇ. ಚಾವಣಿ ಸೋರಿದ್ರೂ ರಿಪೇರಿ ಹೊಣೆ ಮುಖ್ಯವಾಗಿ ಊರಿನ ಚರ್ಚ್ ಕಮಿಟಿದೇ ಅಂತೆ.

ಹೊರಡುವಾಗ ಎಲ್ಲಿಯವರು ಅಂತ ಕೇಳಿದ್ರು. ಕೂರ್ಗ್ ಅಂದೆ, ಕಾಫಿ ಅಂದೆ. ನಮ್ಮ ಕೊನೇ ರಾಜ ಚಿಕ್ಕವೀರರಾಜೇಂದ್ರನ ಮಗಳು ಗೌರಮ್ಮ ನಿಮ್ಮ ದೇಶಕ್ಕೆ ಬಂದು, 1852ರಲ್ಲಿ ಕ್ರೈಸ್ತಳಾಗಿ, ವಿಕ್ಟೋರಿಯಾ ರಾಣಿಯೇ ಅವಳಿಗೆ ಧರ್ಮಮಾತೆ ಆಗಿ, ಲಂಡನ್ನಿನ ಬ್ರಾಂಪ್ಟನ್ ಸ್ಮಶಾನದಲ್ಲಿ ಮಲಗಿದಾಳೆ ಅಂದೆ. ಅಜ್ಜಿ ನನ್ನ ಕೈ ಹಿಡ್ಕೊಂಡು ಪೂರ್ತಿ ಕೇಳಿದ್ರು. ಬರ್ತಾ ಕಾರಲ್ಲಿ ನನಗೆ ಬಂದ ಯೋಚನೆ, ಈ ಕಥೆಯನ್ನ ನಮ್ಮ ಮಡಿಕೇರಿಯಲ್ಲಿ ನಿಂತು ಬಂದೋರಿಗೆ ಯಾರು ಹೇಳ್ತಾರೆ?

ನಮ್ಮಲ್ಲಿ ಏನು ಕಡಿಮೆ ಇದೆ ಹೇಳಿ. ಮಡಿಕೇರಿ ಕೋಟೆ ಒಳಗಿನ ಸೇಂಟ್ ಮಾರ್ಕ್ಸ್ ಚರ್ಚ್ 1859ರದ್ದು, ಈಗ ಸರ್ಕಾರಿ ಮ್ಯೂಸಿಯಂ. ಟೂರಿಸ್ಟ್‌ಗಳು ವಿಗ್ರಹ, ವೀರಗಲ್ಲು ನೋಡ್ತಾ ಒಂದು ಸುತ್ತು ಹಾಕಿ ಹತ್ತು ನಿಮಿಷಕ್ಕೆ ಹೊರಗೆ ಬರ್ತಾರೆ, ತಾವು ನಿಂತಿರೋದು ಚರ್ಚಿನೊಳಗೆ ಅಂತಲೇ ಎಷ್ಟೋ ಜನಕ್ಕೆ ಗೊತ್ತಾಗಲ್ಲ. ಅದನ್ನ ಕಟ್ಟೋಕೆ ಮುಂಚೆ ಅಲ್ಲಿ ವೀರಭದ್ರ ದೇವಸ್ಥಾನ ಇತ್ತು, ಅದನ್ನೂ ಹೇಳ್ಬೇಕು, ಆ ಅಜ್ಜಿ ಸುಣ್ಣದ ವಿಷಯ ಹೇಳಿದ ಹಾಗೆ. ವಿರಾಜಪೇಟೆಯ ಸಂತ ಅನ್ನಮ್ಮ ಚರ್ಚ್ ಶುರುವಾಗಿದ್ದು 1792ರಲ್ಲಿ, ಟಿಪ್ಪುವಿನ ಸೆರೆಯಿಂದ ತಪ್ಪಿಸ್ಕೊಂಡು ಬಂದ ಕ್ರೈಸ್ತರಿಗೆ ದೊಡ್ಡವೀರರಾಜೇಂದ್ರ ಜಾಗ ಕೊಟ್ಟು ನೆಲೆ ಕೊಟ್ಟಿದ್ದು. ಲಿಂಗಾಯತ ಅರಸ ಚರ್ಚಿಗೆ ಜಾಗ ಕೊಟ್ಟ, ಓಂಕಾರೇಶ್ವರನ ಗುಡಿಗೂ ರಾಜರ ಸಮಾಧಿಯಾದ ಗದ್ದಿಗೆಗೂ ಮುಸ್ಲಿಂ ಶೈಲಿಯ ಗುಮ್ಮಟ ಬಂತು, ಗದ್ದಿಗೆ ಪಕ್ಕದಲ್ಲೇ ರಾಜನಿಗಾಗಿ ಹೋರಾಡಿದ ಬಿದ್ದಂಡ ಬೋಪು ಮತ್ತೆ ಅವರ ಮಗ ಸೋಮಯ್ಯನ ಸಮಾಧಿ ಇದೆ. ತಡಿಯಂಡಮೋಳ್ ಬೆಟ್ಟ ಹತ್ತೋಕೆ ಹೋಗೋರು ನಾಲ್ಕುನಾಡು ಅರಮನೆಯ ಬಾಗಿಲ ಮುಂದೆ ಫೋಟೋ ತೆಗೆದು ಮುಂದೆ ಹೋಗ್ತಾರೆ.

ಟೀಚರ್ ಆಗಿದ್ದಾಗ ಒಂದು ಸಲ ನಲವತ್ತು ಮಕ್ಕಳನ್ನ ಜಿಲ್ಲೆಯ ಒಂದು ಹಳೇ ಕಟ್ಟಡಕ್ಕೆ ಕರ್ಕೊಂಡು ಹೋಗಿದ್ದೆ. ಬೀಗ ಹಾಕಿತ್ತು. ಬೀಗದ ಕೈ ಇದ್ದೋರು ಊಟಕ್ಕೆ ಹೋಗಿದ್ರು, ಒಂದೂವರೆ ಗಂಟೆ ಮಳೇಲಿ ಕಾದು, ಮಕ್ಕಳು ಸರಳಿನ ಸಂದಿಯಿಂದ ಇಣುಕಿ ವಾಪಸ್ ಬಸ್ ಹತ್ತಿದ್ವು. ಆ ಮಕ್ಕಳಿಗೆ ಅವತ್ತು ಏನು ನೆನಪು ಉಳೀತು ಅಂದ್ರೆ ಆ ಬೀಗ ಒಂದೇ.

ಅದಕ್ಕೆ ನನ್ನ ಮನವಿ ಇಷ್ಟು. ನವೆಂಬರ್ 19ರಿಂದ 25ರವರೆಗೆ ದೇಶದಲ್ಲೆಲ್ಲ ವಿಶ್ವ ಪರಂಪರೆ ಸಪ್ತಾಹ ಇರುತ್ತೆ. ನಮ್ಮಲ್ಲಿ ಆಗ ಜೋರು ಮಳೆ ನಿಂತಿರುತ್ತೆ, ಕಾಫಿ ಕುಯ್ಯೋ ಕೆಲಸ ಇನ್ನೂ ಪೂರಾ ಹಿಡಿದಿರಲ್ಲ. ಆ ವಾರದಲ್ಲಿ ಎರಡು ದಿನ, ಶನಿವಾರ ಭಾನುವಾರ, ಕೋಟೆ, ಮ್ಯೂಸಿಯಂ, ಗದ್ದಿಗೆ, ನಾಲ್ಕುನಾಡು ಅರಮನೆ ಎಲ್ಲಾನೂ ಟಿಕೆಟ್ ಇಲ್ಲದೆ ಬೆಳಿಗ್ಗೆಯಿಂದ ಸಂಜೆವರೆಗೆ ತೆರೆದಿಡ್ಲಿ. ಚರ್ಚು, ದೇವಸ್ಥಾನ, ಮಸೀದಿಯವರೂ ತಮ್ಮ ಪೂಜೆ ಪ್ರಾರ್ಥನೆಗೆ ಅಡ್ಡಿ ಆಗದ ಹೊತ್ತಲ್ಲಿ ಸೇರ್ಕೊಳ್ಳಲಿ. ಮನಸ್ಸಿರೋ ಒಕ್ಕದವರು ತಮ್ಮ ಐನ್‌ಮನೆಯ ಮುಂದಿನ ಜಗಲಿ ಕೈಸಾಲೆವರೆಗಾದ್ರೂ ಜನರನ್ನ ಕರೆದು ಆ ಕೆತ್ತಿದ ಕಂಬಗಳನ್ನ ತೋರಿಸ್ಲಿ. ಪ್ರತಿ ಜಾಗದಲ್ಲೂ ಊರಿನವರೇ ಒಬ್ಬರು ಬಾಗಿಲಲ್ಲಿ ನಿಂತ್ಕೊಳ್ಲಿ, ಬೋರ್ಡ್ ಓದಿ ಹೇಳೋದು ಬೇಡ, ತಮಗೆ ಗೊತ್ತಿರೋದನ್ನ ಹೇಳಿದ್ರೆ ಸಾಕು. ಹಿಂದಿನ ವಾರವೇ ಶಾಲೆಗಳಿಗೆ ತಿಳಿಸಿದ್ರೆ ಮಕ್ಕಳೂ ಬರ್ತಾರೆ.

ಜಿಲ್ಲಾಡಳಿತ, ಇಲಾಖೆಯವರು ಮನಸ್ಸು ಮಾಡಿದ್ರೆ ಇದಕ್ಕೆ ಕೋಟಿಗಟ್ಟಲೆ ಬೇಕಾಗಲ್ಲ. ರಿಟೈರ್ಡ್ ಮೇಷ್ಟ್ರುಗಳು, ಟೀಚರ್‌ಗಳು ನಾವು ಜಿಲ್ಲೆ ತುಂಬಾ ಇದೀವಿ. ನನ್ನನ್ನ ಮಡಿಕೇರಿ ಕೋಟೆ ಬಾಗಿಲಲ್ಲಿ ನಿಲ್ಲಿಸಿದ್ರೆ ಎರಡೂ ದಿನ ನಿಲ್ತೀನಿ, ವಿರಾಜಪೇಟೆಯಿಂದ ಬೆಳಿಗ್ಗೆ ಏಳರ ಬಸ್ಸಿಗೆ ಹೊರಟ್ರೆ ಬಾಗಿಲು ತೆಗೆಯೋ ಹೊತ್ತಿಗೆ ಅಲ್ಲಿರ್ತೀನಿ.

ಇಂತಿ,
ನಿವೃತ್ತ ಶಿಕ್ಷಕಿ, ವಿರಾಜಪೇಟೆ