ಶನಿವಾರ ಬಾರ್ಲಿವೈನ್ ರುಚಿ ನೋಡೂ ಕೂಟ: ಬರೂಕಿಂತ ಮೊದ್ಲ ಓದ್ರಿ

ವಿಸ್ಕಿ ಪೀಪಾಯಿಯೊಳಗ ಹಳೇದಾದ ಈ ಬಾರ್ಲಿವೈನ್ ಹೆಸರಿಗಷ್ಟ ವೈನ್, ಖರೇ ಅಂದ್ರ 12% ಆಲ್ಕೋಹಾಲ್ ಇರೋ ಬಿಯರ್. ಇದರ 330 ಮಿ.ಲೀ. ಬಾಟ್ಲಿಯೊಳಗಿನ ಆಲ್ಕೋಹಾಲ್, 6% ಬಿಯರಿನ 650 ಮಿ.ಲೀ. ಬಾಟ್ಲಿಗೆ ಹೆಚ್ಚುಕಡಿಮಿ ಸಮ. ಅದಕ್ಕ ಒಬ್ಬರಿಗೆ 80 ಮಿ.ಲೀ. ಸಾಕು. ಗಾಡಿ ತರಬ್ಯಾಡ್ರಿ, ಧಾರವಾಡದವರು ಚಿಗರಿ ಬಸ್ಸಿಗೆ ಬರ್ರಿ.

ಬಾಟ್ಲಿ ಇಟ್ಕೊಂಡವರು ಹಿಂದಿನ ದಿನಾನ ಫ್ರಿಜ್ಜಿನ್ಯಾಗ ನೆಟ್ಟಗ ನಿಲ್ಲಸ್ರಿ, ಗಸಿ ತಳಕ್ಕ ಕೂಡ್ತೈತಿ. ಸುರಿಯೂಕಿಂತ ಅರ್ಧ ತಾಸು ಮೊದ್ಲ ಹೊರಗ ತಗೀರಿ. 10–13 ಡಿಗ್ರಿ ಛಲೋ. ತೀರಾ ತಣ್ಣಗಿದ್ರ ವಾಸನಿ ಏಳೂದಿಲ್ಲ, 20 ದಾಟಿದ್ರ ಆಲ್ಕೋಹಾಲ್ ಮೂಗಿಗೆ ಹೊಡೀತೈತಿ. ಹೊಟ್ಟಿ ದೊಡ್ಡದು, ಬಾಯಿ ಸಣ್ಣದು ಇರೋ ಗ್ಲಾಸ್ ಬೇಕು. ಗಸಿ ಇರೋ ಕೊನೀ ಬೆರಳಷ್ಟು ಬಾಟ್ಲಿಯೊಳಗ ಬಿಡ್ರಿ.

ನೊರಿ ಕಡಿಮಿ ಇರೂದು ಸಹಜ, ಕೆಟ್ಟೈತಿ ಅನಬ್ಯಾಡ್ರಿ. ಮೊದಲ ಗುಟುಕು ನಾಲಿಗಿ ಸುಡ್ತೈತಿ, ಎರಡನೇದರ ಮ್ಯಾಲ ಅಭಿಪ್ರಾಯ ಹೇಳ್ರಿ. ವೆನಿಲ್ಲಾ, ಕೊಬ್ಬರಿ ವಾಸನಿ ಓಕ್ ಕಟಗೀದು. ಒಣದ್ರಾಕ್ಷಿ, ಸುಟ್ಟ ಸಕ್ರಿ ವಾಸನಿ ಮಾಲ್ಟಿಂದು (ಮೊಳಕಿ ಬರಿಸಿ ಒಣಗಿಸಿದ ಬಾರ್ಲಿ). ಪೀಟ್ (ಜವುಗು ನೆಲದ ಕೊಳೆತ ಗಿಡಗಂಟಿ ಮಣ್ಣು) ಸುಟ್ಟ ಹೊಗಿ ಹಾಕಿದ ವಿಸ್ಕಿ ಪೀಪಾಯಿ ಆಗಿದ್ರ ಹೊಗಿನೂ ಬರ್ತೈತಿ. ಶೆರಿ ಅನ್ನೋ ಸ್ಪೇನಿನ ವೈನಿನಂಥಾ ಹದ ಇದ್ರ ವಯಸ್ಸಿನ ಗುಣ. ತೊಯ್ದ ರಟ್ಟಿನ ವಾಸನಿ ಬಂದ್ರ ಮಾತ್ರ ಆಮ್ಲಜನಕ ತಾಗಿ ಕೆಟ್ಟೈತಿ. ವಿನೆಗರ್ ಹುಳಿ ಬಂದ್ರ ಪೀಪಾಯಿಯೊಳಗ ಗಾಳಿ ಹೊಕ್ಕು ಬ್ಯಾಕ್ಟೀರಿಯಾ ಬೆಳದಾವು, ಅದನ್ನ ಚೆಲ್ಲೂದ.

ಜೋಡಿಗೆ ಧಾರವಾಡ ಪೇಢೆ ತರ್ರಿ, ಕಂದಿಸಿದ ಹಾಲಿನ ರುಚಿ ಭಾಳ ಹೊಂದತೈತಿ. ಮಿರ್ಚಿ ಆಮ್ಯಾಲ, ಖಾರಾ ತಿಂದ್ರ ಆಲ್ಕೋಹಾಲ್ ಉರಿ ಹೆಚ್ಚಾಗ್ತೈತಿ. ಯಾರ ಕಡೆ ಗ್ಲಾಸ್ ಅದಾವು, ಇಲ್ಲೇ ಹಾಕ್ರಿ.