ಏಳನೇ ಬೆಡ್ಡಿನ ಅಜ್ಜನ ವಿಷಯ

ಮಾಟುಂಗಾ, ಮುಂಬಯಿ

ಪ್ರೀತಿಯ ಪುಟ್ಟಿ,

ನಿನ್ನ ವಾರ್ಡಿನ ಏಳನೇ ಬೆಡ್ಡಿನ ಅಜ್ಜ ಹೋದರು ಅಂತ ನಿನ್ನೆ ಫೋನಿನಲ್ಲಿ ನೀನು ಅಳುತ್ತಿದ್ದೆ, ನನಗೆ ಮಾತೇ ಹೊರಡಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

"ರಕ್ತದ ಪಿಎಚ್ 7.12 ಇತ್ತಮ್ಮ, ಬೈಕಾರ್ಬ್ ಕೊಟ್ಟ ಮೇಲೆ 7.24ಕ್ಕೆ ಬಂತು. ಆದರೂ ಅಜ್ಜ ಉಳಿಯಲಿಲ್ಲ" ಅಂದೆ. ಪಿಎಚ್ ಇಳಿದಷ್ಟೂ ರಕ್ತದಲ್ಲಿ ಹುಳಿ ಜಾಸ್ತಿ ತಾನೇ. ದೇಹ ಕಷ್ಟದಲ್ಲಿದ್ದಾಗ ರಕ್ತದಲ್ಲಿ ಏರುವ ಲ್ಯಾಕ್ಟೇಟ್ ಎಷ್ಟಿತ್ತು ಅಂತ ನಾನು ಕೇಳಿದೆ. ಮೊದಲು 6, ಆರು ಗಂಟೆ ಬಿಟ್ಟು ನೋಡಿದಾಗ 9. 2ರ ಒಳಗಿರಬೇಕಾದದ್ದು ಏರುತ್ತಲೇ ಹೋಗಿದೆ. ಮೈಯೆಲ್ಲ ಹರಡಿದ ಸೋಂಕು ಹತೋಟಿಗೇ ಬಂದಿರಲಿಲ್ಲ ಮಗಳೇ.

ದೋಸೆ ಹಿಟ್ಟು ಹುಳಿ ಜಾಸ್ತಿಯಾದರೆ ಚಿಟಿಕೆ ಸೋಡಾ ಹಾಕುತ್ತೇವಲ್ಲ, ನಿನ್ನ ಬೈಕಾರ್ಬೂ ಅದೇ ಸೋಡಾ. ಹುಳಿ ಇಳಿಯುತ್ತದೆ. ಹಿಟ್ಟು ಹುಳಿಯೋದು ನಿಲ್ಲುತ್ತಾ? ಮೇಲೆ ಗುಳ್ಳೆ ಬೇರೆ ಏಳುತ್ತವೆ. ರಕ್ತದಲ್ಲೂ ಅದೇ ಗಾಳಿ, ಕಾರ್ಬನ್ ಡೈಆಕ್ಸೈಡ್. ಅದನ್ನು ಹೊರಗೆ ಹಾಕೋ ಕೆಲಸ ಮತ್ತೆ ಶ್ವಾಸಕೋಶದ್ದೇ. ಫ್ರಾನ್ಸಿನವರು 389 ರೋಗಿಗಳ ಮೇಲೆ ನೋಡಿ 2018ರಲ್ಲಿ ಬರೆದರು. ಪಿಎಚ್ 7.20 ಅಥವಾ ಅದಕ್ಕಿಂತ ಕೆಳಗಿದ್ದವರು. ಬೈಕಾರ್ಬ್ ಕೊಟ್ಟವರಲ್ಲಿ ಡಯಾಲಿಸಿಸ್ ಬೇಕಾದವರು ಕಡಿಮೆ, ಆದರೆ ಒಟ್ಟು ಸಾವಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ನೀನು ಕೊಟ್ಟದ್ದು ತಪ್ಪು ಅಂತಲ್ಲ. ಅದರ ಮೇಲೆ ಅಷ್ಟು ಭರವಸೆ ಇಟ್ಟೆಯಲ್ಲ, ಅಷ್ಟೇ.

ನನ್ನದೂ ಒಂದಿದೆ. ನಿನಗೆ ಹೇಳಿರಲಿಲ್ಲ.

ಆಗ ನೀನು ಎರಡನೇ ಕ್ಲಾಸು. ನರ್ಸಾಗಿದ್ದ ನನಗೆ ನೈಟ್ ಡ್ಯೂಟಿ. ಸಕ್ಕರೆ ಕಾಯಿಲೆಯ ಇನ್ಸುಲಿನ್ ಬಿಟ್ಟಿದ್ದ ಹುಡುಗಿ, ಇಪ್ಪತ್ತು ವರ್ಷ ಇರಬಹುದು. ಬಾಯಲ್ಲಿ ಕಳಿತ ಹಣ್ಣಿನ ವಾಸನೆ. ನಿಮಿಷಕ್ಕೆ 36 ಸಲ, ಎದೆಯೆಲ್ಲ ಎತ್ತಿ ಉಸಿರಾಡುತ್ತಿದ್ದಳು. ಆ ಗಾಳಿಯನ್ನು ಹೊರಗೆ ಹಾಕುತ್ತಿದ್ದ ಉಸಿರೇ ಅವಳನ್ನು ಹಿಡಿದಿಟ್ಟಿತ್ತು. ಎಚ್ಚರ ತಪ್ಪುತ್ತಿದೆ ಅಂತ ಟ್ಯೂಬ್ ಹಾಕಿದರು, ವೆಂಟಿಲೇಟರ್ ನಿಮಿಷಕ್ಕೆ 14 ಉಸಿರಿಗೆ ಇಟ್ಟರು. ಚಾರ್ಟಿನಲ್ಲಿ 36ರ ಕೆಳಗೆ 14 ಅಂತ ಬರೆದವಳು ನಾನೇ. ಬರೆಯುವಾಗ ಕೈ ಒಂದು ಕ್ಷಣ ನಿಂತಿತು. ಡಾಕ್ಟರಿಗೆ ಹೇಳೋಕೆ ನಾನ್ಯಾರು ಅಂದುಕೊಂಡು ಸುಮ್ನಾದೆ. ನಿಜ ಹೇಳಬೇಕೆಂದರೆ, ಅವಳ ಎದೆ ನಿಧಾನವಾದದ್ದು ನೋಡಿ ನನಗೆ ಸಮಾಧಾನವೂ ಆಗಿತ್ತು. ಅರ್ಧ ಗಂಟೆಗೆ ಎಬಿಜಿ, ಅಂದರೆ ರಕ್ತದ ಹುಳಿ, ಗಾಳಿ ನೋಡೋ ಪರೀಕ್ಷೆ ಬಂತು. ಪಿಎಚ್ 7.05 ಇದ್ದದ್ದು 6.90. ಮಾನಿಟರಿನಲ್ಲಿ ನಾಡಿ ಕುಸಿಯುತ್ತಿತ್ತು. ಸೀನಿಯರ್ ಓಡಿ ಬಂದು ರೇಟ್ 30 ಮಾಡಿದರು, ಇನ್ಸುಲಿನ್, ಸಲೈನ್ ಎಲ್ಲ ಮತ್ತೆ ನೋಡಿದರು. ಹುಡುಗಿ ಉಳಿದಳು. ಒಂಬತ್ತನೇ ದಿನ ನನ್ನ ಹತ್ತಿರ ಬಾಚಣಿಗೆ ಕೇಳಿದಳು.

ನಿನ್ನ ಏಳನೇ ಬೆಡ್ಡಿನ ಅಜ್ಜ ಹಾಗೆ ಉಳಿಯುವವರಾಗಿರಲಿಲ್ಲ ಅನ್ನಿಸುತ್ತದೆ. ಸಕ್ಕರೆಯಿಂದ ಬಂದ ಹುಳಿಗೆ ಇನ್ಸುಲಿನ್ ಇದೆ. ಎಂಬತ್ತು ದಾಟಿದವರ ಲ್ಯಾಕ್ಟೇಟ್ ಹೀಗೆ ಏರಿದರೆ ಕೈಯಲ್ಲಿ ಇರೋದು ಕಡಿಮೆ. ಆದರೂ ಇನ್ನು ಮೇಲೆ ಟ್ಯೂಬ್ ಹಾಕುವ ಮುಂಚೆ ಉಸಿರು ಎಣಿಸು. ನಿನ್ನ ವಾರ್ಡಿನ ನರ್ಸ್ ಬರೆಯುತ್ತಾ ಬರೆಯುತ್ತಾ ನಿಂತರೆ, ಯಾಕೆ ಅಂತ ಕೇಳು.

ಶುಕ್ರವಾರ ಡೆಕ್ಕನ್ ಕ್ವೀನಿಗೆ ಮೇಲಿನ ಮನೆ ಆಂಟಿ ಪುಣೆಗೆ ಬರುತ್ತಿದ್ದಾರೆ, ಚಟ್ನಿಪುಡಿ ಕೊಟ್ಟು ಕಳಿಸುತ್ತೇನೆ. ಅಜ್ಜನ ಮಗ ನಿನ್ನ ಕೈ ಹಿಡಿದು ಏನೋ ಹೇಳಿದರು ಅಂದೆಯಲ್ಲ, ಅಳುವಿನಲ್ಲಿ ನನಗೆ ಕೇಳಿಸಲಿಲ್ಲ. ಬಂದಾಗ ಹೇಳು.

ನಿನ್ನ
ಅಮ್ಮ